ನೀಲಿ ಗೆರೆಯ ಟವೆಲ್ಲು

ಭಾನುವಾರ ಬೆಳಿಗ್ಗೆ ಮುರಳಿಮೋಹನ್ ಬಚ್ಚಲಿನಿಂದ ಕೈ ಚಾಚಿ ಗೂಟ ತಡಕಿದಾಗ ಸಿಕ್ಕಿದ್ದು ಅವನ ನೀಲಿ ಗೆರೆಯ ಹಳೆ ಟವೆಲ್ಲಲ್ಲ. ಕುರಿಮರಿಯಷ್ಟು ದಪ್ಪದ ಹೊಸ ಗುಲಾಬಿ ಟವೆಲ್ಲು. ಅದರಿಂದ ಬೆನ್ನು ಒರೆಸಿಕೊಂಡ. ಬೆನ್ನಿನ ನೀರು ಹೊಟ್ಟೆಗೆ ಬಂತು. ಹೊಟ್ಟೆ ಒರೆಸಿದ. ನೀರು ಮತ್ತೆ ಬೆನ್ನಿಗೆ ಹೋಯಿತು.

"ತನುಜಾ! ನನ್ನ ಟವೆಲ್ ಎಲ್ಲೇ?"

"ಪಾತ್ರೆ ಅಕ್ಕಯ್ಯಮ್ಮಂಗೆ ಹಾಕ್ಬಿಟ್ಟೆ," ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ಹಳೇ ಬಟ್ಟೆ ಎಲ್ಲ ಸೇರ್ಸಿ ಒಂದು ಸ್ಟೀಲ್ ಜರಡಿ ಕೊಟ್ಳು. ನಿಮ್ಮ ಟವೆಲ್ ಎತ್ತಿ ಹಿಡಿದ್ರೆ ಮಂಚೇನಹಳ್ಳಿ ಪೂರ್ತಿ ಕಾಣ್ತಿತ್ತು. ಅದಕ್ಕೂ ಜರಡಿಗೂ ಏನ್ರೀ ವ್ಯತ್ಯಾಸ?"

ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದ ಮುರಳಿಮೋಹನ್ ಮನೆಯಲ್ಲಿ ಯಾವ ವಿಷಯಕ್ಕೂ ದನಿ ಎತ್ತಿದವನಲ್ಲ. ಟವೆಲ್ಲಿನ ವಿಷಯದಲ್ಲಿ ಮಾತ್ರ ಅವನಿಗೆ ಖಡಾಖಂಡಿತ ಅಭಿಪ್ರಾಯಗಳಿದ್ದವು. ಹೊಸ ಟವೆಲ್ಲಿಗೆ ನೀರು ಕುಡಿಯುವ ಬುದ್ಧಿ ಇರುವುದಿಲ್ಲ. ವರ್ಷಗಟ್ಟಲೆ ಒಗೆಸಿಕೊಂಡ ಮೇಲೇ ಬರುವುದು. ಮೆತ್ತಗಾಗಲಿ ಎಂದು ಘಮಘಮಿಸುವ ದ್ರಾವಣದಲ್ಲಿ ಅದ್ದಿದರೆ ಇದ್ದ ಬುದ್ಧಿಯೂ ಹೋಗುತ್ತದೆ. ಹಿಂಡುವಾಗ ತಿರುಚಬಾರದು, ಒಣಹಾಕುವಾಗ ಮಡಿಸಬಾರದು. ಇಷ್ಟೆಲ್ಲ ಶಿಸ್ತಿನಿಂದ ಅವನು ಆ ಟವೆಲ್ಲನ್ನು ಬಳಸಿದ್ದ ಎನ್ನುವುದಕ್ಕಿಂತ ಸಾಕಿದ್ದ ಎನ್ನುವುದೇ ಸರಿ.

"ವಾಪಸ್ ತಂದೇ ತರ್ತೀನಿ!" ಎಂದವನೇ ಒದ್ದೆ ಮೈಮೇಲೆ ಬನೀನು, ಶರ್ಟು ಏರಿಸಿಕೊಂಡು ಹೊರಟ.

ಗೇಟಿನಲ್ಲೇ ಪಕ್ಕದ ಮನೆಯ ವರಲಕ್ಷ್ಮಮ್ಮ ತಡೆದರು. "ಏನಪ್ಪಾ ಮುರಳಿ, ಹಿಂಗೆ ತೊಟ್ಟಿಕ್ತಾ ಇದೀಯ?" ವಿಷಯ ಕೇಳಿ ಹಣೆ ಚಚ್ಚಿಕೊಂಡರು. "ಒಂದು ಹಳೇ ಟವೆಲ್‌ಗೆ ಇಷ್ಟು ರಂಪಾನಾ? ಗಂಡಸ್ರೆಲ್ಲ ಒಂದೇ. ಹೋಗು, ಅಕ್ಕಯ್ಯಮ್ಮ ಗೌರಿಬಿದನೂರು ರೋಡ್ ಕಡೆ ಹೋದ್ಳು. ನಾನೇ ಕಣ್ಣಾರೆ ನೋಡ್ದೆ."

ನೋಡದೇ ಇದ್ದದ್ದನ್ನೂ ಕಣ್ಣಾರೆ ನೋಡಿದೆ ಎನ್ನುವುದು ವರಲಕ್ಷ್ಮಮ್ಮನವರ ಪರೋಪಕಾರ.

ಗೌರಿಬಿದನೂರು ರಸ್ತೆಯಲ್ಲಿ ಊರು ಮುಗಿದು ಹೊಲ ಶುರುವಾದರೂ ಅಕ್ಕಯ್ಯಮ್ಮನ ಸುಳಿವಿಲ್ಲ. ಮೈಯ ನೀರು ಒಣಗಿ ಬೆವರು ಇಳಿಯತೊಡಗಿತು. ನಡುವೆ ಎರಡು ಸಲ ತನುಜಳ ಫೋನು ಬಂತು. ಜರಡಿಯ ಗುಣಗಾನ ಕೇಳುವ ತಾಳ್ಮೆ ಇಲ್ಲದೆ ಎರಡು ಸಲವೂ ಕಟ್ ಮಾಡಿದ.

ಸೋತು ವಾಪಸ್ ಬರುವಾಗ ಬಸ್ ನಿಲ್ದಾಣದ ಎದುರು, ಮಜರನ ಬೈಕ್ ಗ್ಯಾರೇಜಿನಲ್ಲಿ ನೀಲಿ ಗೆರೆ ಕಣ್ಣಿಗೆ ಬಿತ್ತು. ಮಜರ್ ಅದರಿಂದ ಬೈಕೊಂದರ ಟ್ಯಾಂಕು ಉಜ್ಜುತ್ತಿದ್ದ.

"ಅದು ನನ್ನ ಟವೆಲ್!"

"ಈಗ್ತಾನೇ ಅಕ್ಕಯ್ಯಮ್ಮ ಕೊಟ್ಟೋದ್ಳು ಸಾರ್," ಎಂದ ಮಜರ್. "ಕ್ಯಾ ಬಟ್ಟೆ ಸಾರ್ ಇದು! ಒಂದ್ಸಲ ಒರೆಸಿದ್ರೆ ಟ್ಯಾಂಕಲ್ಲೇ ತಲೆ ಬಾಚ್ಕೋಬಹುದು. ಕೊಡಲ್ಲ."

ಟವೆಲ್ಲಿನ ಹೊಗಳಿಕೆ ಕೇಳಿ ಮುರಳಿಮೋಹನನ ಹಟ ಇಮ್ಮಡಿಯಾಯಿತು. "ಬದಲಿಗೆ ಏನ್ ಬೇಕು ಕೇಳಪ್ಪಾ."

ಮಜರ್ ಅವನ ಶರ್ಟಿನ ತುದಿಯನ್ನು ಬೆರಳಲ್ಲಿ ಉಜ್ಜಿ ನೋಡಿದ. "ಪಾಲಿಯೆಸ್ಟರು, ವೇಸ್ಟು. ಒಳಗಡೆ ಬನೀನು ಕಾಟನ್ನಾ?"

ಮುರಳಿಮೋಹನ್ ಟೈರುಗಳ ರಾಶಿಯ ಹಿಂದೆ ಹೋಗಿ ಬನೀನು ಕಳಚಿ ತಂದ.

"ಇದಿಷ್ಟೇ ಸಾಲ್ದು ಸಾರ್. ಇದ್ರಲ್ಲಿ ಆ ಮೂರು ಗಾಡಿ ಒರೆಸ್ಕೊಡಿ, ಆಮೇಲೆ ನಿಮ್ಮ ಟವೆಲ್ ತಗೊಂಡೋಗಿ."

ತನ್ನ ಬನೀನಿನಲ್ಲಿ ತಾನೇ ಊರವರ ಬೈಕು ಒರೆಸುತ್ತಿರುವಾಗ, ಗಾಡಿ ತೆಗೆದುಕೊಂಡು ಹೋಗಲು ಬಂದವನು ಬೇರಾರೂ ಅಲ್ಲ, ಅವನದೇ ಸ್ಟೋರಿನ ಸಹಾಯಕ ಸುನೀಲ್‌ಕುಮಾರ್. "ಏನ್ ಸಾರ್, ಪಾರ್ಟ್ ಟೈಮಾ?" ಎಂದವನೇ ಫೋಟೋ ಹೊಡೆದ. ಎರಡನೇ ಬೈಕು ಮುಗಿಯುವಷ್ಟರಲ್ಲಿ ಕಾರ್ಖಾನೆಯ ವಾಟ್ಸಾಪ್ ಗುಂಪಿನಲ್ಲಿ ನಗುವ ಮುಖಗಳ ಜಾತ್ರೆ ನೆರೆದಿತ್ತು. ಮ್ಯಾನೇಜರೂ ಒಂದು ಹೆಬ್ಬೆಟ್ಟು ಒತ್ತಿದ್ದರು. ಮುರಳಿಮೋಹನ್ ಹಲ್ಲು ಕಚ್ಚಿಕೊಂಡು ಮೂರನೆಯದನ್ನೂ ಒರೆಸಿದ.

ಟವೆಲ್ಲು ಕೈಗೆ ಬಂದೊಡನೆ ಹೆಂಡತಿಗೆ ಫೋನು ಮಾಡಿದ. "ಸಿಕ್ತು ಕಣೇ!"

"ಸಿಕ್ತಾ? ಅದು ನಿಮ್ಮದೇನಾ? ಸರಿಯಾಗಿ ನೋಡಿದ್ರಾ?"

"ಮದ್ವೆಗೆ ಮುಂಚಿಂದ ಮೈ ಒರೆಸ್ಕೊಂಡಿದೀನಿ, ನನ್ನ ಟವೆಲ್ ನಂಗೆ ಗೊತ್ತಾಗಲ್ವಾ? ನೂರಕ್ಕೆ ನೂರು ನಂದೇ!"

"ಹಂಗಾದ್ರೆ ಸರಿ ಬಿಡಿ," ಎಂದು ತನುಜ ಫೋನಿಟ್ಟಳು.

ಮನೆಗೆ ಬಂದವನೇ ಯಾರಿಗೂ ಮುಟ್ಟಗೊಡದೆ ಬಿಸಿನೀರು, ಸೋಡಾ ಹಾಕಿ ಗ್ರೀಸು ತೆಗೆದು, ತಿರುಚದೆ ಹಿಂಡಿ, ಮಡಿಕೆ ಬೀಳದಂತೆ ತಂತಿಯ ಮೇಲೆ ಹರವಿದ. ಒಂದು ಮೂಲೆಯ ಕಂದು ಕಲೆ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಕಾಂಪೌಂಡಿನ ಆಚೆಯಿಂದ ವರಲಕ್ಷ್ಮಮ್ಮನವರ ತಲೆ ಮೇಲೆದ್ದಿತು.

"ಅರೆ! ನಮ್ಮನೆಯವ್ರ ಟವೆಲ್ ನಿಮ್ಮ ತಂತಿ ಮೇಲೆ ಯಾಕಿದೆ?"

"ಇದು ನಂದು ಅಮ್ಮಾ."

"ಹೋಗಪ್ಪಾ! ಆ ಕಲೆ ನಾನೇ ಇಸ್ತ್ರಿಪೆಟ್ಟಿಗೇಲಿ ಸುಟ್ಟಿದ್ದು. ಬೆಳಿಗ್ಗೆ ನಾನೂ ಅಕ್ಕಯ್ಯಮ್ಮಂಗೆ ಹಾಕಿದ್ದೆ."

ಅಷ್ಟರಲ್ಲಿ ಅವರ ಯಜಮಾನರು ಚನ್ನಕೇಶವಯ್ಯನವರು ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದರು. ತಂತಿಯಿಂದ ಟವೆಲ್ಲು ಎಳೆದು ಒದ್ದೆ ಇದ್ದಂತೆಯೇ ಎದೆಗವಚಿಕೊಂಡರು. "ಬೆಳಿಗ್ಗೆಯಿಂದ ಒಂದು ತುತ್ತು ಇಳಿದಿಲ್ಲ ಮುರಳೀ. ಇವಳನ್ನ ಕೇಳೋ ಧೈರ್ಯ ನಂಗಿರ್ಲಿಲ್ಲ. ನೀನು ಗಂಡಸು ಕಣಪ್ಪಾ!" ಎಂದು ಕಣ್ಣೊರೆಸಿಕೊಂಡು ಟವೆಲ್ಲಿನ ಸಮೇತ ಒಳಗೆ ಹೋದರು.

ಮುರಳಿಮೋಹನ್ ಖಾಲಿ ತಂತಿ ನೋಡುತ್ತ ನಿಂತ. "ಹಂಗಾದ್ರೆ ನಂದು ಎಲ್ಲಿ?"

ತನುಜ ಸೆರಗಿನ ತುದಿ ಹಿಡಿದು ನಿಂತಿದ್ದಳು. "ನೀವು ಆ ಮುಖ ಮಾಡ್ಕೊಂಡು ಹೋದ್ರಲ್ಲ, ನಂಗೆ ತಡೀಲಿಲ್ಲ. ಓಡೋದೆ. ಅಕ್ಕಯ್ಯಮ್ಮ ಹಿಂದಿನ ಬೀದೀಲೇ ಇದ್ಳು. ಜರಡಿ ವಾಪಸ್ ಕೊಟ್ಟೆ. ಅವಳ ಬಟ್ಟೆ ಗಂಟಲ್ಲಿ ನೀಲಿ ಗೆರೇದು ಎರಡಿದ್ವು. ಇದೇ ಇರ್ಬೇಕು ಅಂತ ಒಂದು ತಂದೆ. ಹೇಳಣ ಅಂತ ಫೋನ್ ಮಾಡಿದ್ರೆ ಕಟ್ ಮಾಡಿದ್ರಿ. ಆಮೇಲೆ ನೀವೇ ನೂರಕ್ಕೆ ನೂರು ನಂದೇ ಅಂದ್ರಿ. ನಾನು ತಂದಿದ್ದು ಯಾರ್ದೋ ಅಂದ್ಕೊಂಡು..."

"ಅಂದ್ಕೊಂಡು?"

ಗಂಡನ ಮೊಳಕೈಯಿಂದ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು. ತನುಜ ಒಳಗೆ ಹೋಗಿ, ಕತ್ತರಿ ಹಾಕಿದ್ದ ನೀಲಿ ಗೆರೆಯ ಅಂಗೈಯಗಲದ ತುಂಡೊಂದನ್ನು ತಂದು ಅವನ ಕೈಗಿಟ್ಟಳು. ಅವನು ಒರೆಸಿಕೊಂಡ. ಒಂದೇ ಸಲಕ್ಕೆ ಅಷ್ಟೂ ನೀರು ಮಾಯವಾಯಿತು.

"ಇದೇ ಕಣೇ," ಎಂದ.

"ಬೇಗ ಕೊಡಿ," ಎಂದಳು ತನುಜ ಮೆಲ್ಲಗೆ, "ಕುಕ್ಕರ್ ಇಳಿಸ್ಬೇಕು."