ಬಣ್ಣ ಕೆಟ್ಟರೆ ನಾನೇ ಕಾರಣ

ಬುರಕಿ... ಅಲ್ಲ, ಬುರಸು... ತಡೆಯಿರಿ, ಬಾಯಲ್ಲೇ ಇದೆ. ಮಳೆಗಾಲದಲ್ಲಿ ಕಾರಿಗೆ ಬಣ್ಣ ಹೊಡೆದರೆ ಒಣಗುವಾಗ ಮೇಲೆ ಬೆಳ್ಳಗೆ ಮಬ್ಬು ಕೂರುತ್ತಿತ್ತಲ್ಲ, ಅದಕ್ಕೆ ಮರಾಠಿ ಕೆಲಸಗಾರರು ಒಂದು ಹೆಸರಿಟ್ಟಿದ್ದರು. ಹ್ಞಾಂ, ಬುರ್ಶಿ. ಹಳೇ ಉಪ್ಪಿನಕಾಯಿಯ ಮೇಲೆ ಬರುವ ಬೂಷ್ಟು.

ಧಾರವಾಡದಲ್ಲಿ ಹುಟ್ಟಿದವಳಿಗೆ ಕಾರಿಗೂ ಬೂಷ್ಟು ಬರುತ್ತದೆಂದು ಹೇಗೆ ಗೊತ್ತಾಗಬೇಕು? ಐವತ್ತರ ದಶಕದಲ್ಲಿ ಮದುವೆಯಾಗಿ ಮುಂಬಯಿಗೆ ಬಂದೆ. ನಮ್ಮ ಯಜಮಾನರೂ ಅವರ ಅಣ್ಣ, ಅಂದರೆ ನನ್ನ ಭಾವನವರೂ ಸೇರಿ ವಡಾಲದಲ್ಲಿ ಕಾರಿಗೆ ಬಣ್ಣ ಹೊಡೆಯುವ ಷೆಡ್ಡು ಇಟ್ಟಿದ್ದರು. ಊಟದ ಡಬ್ಬಿ ಕೊಡಲು ಹೋದವಳು ಒಂದು ದಿನ ಸುಮ್ಮನಿರಲಾರದೆ ಉಜ್ಜುವ ಕಾಗದವನ್ನು ನೀರಲ್ಲಿ ಅದ್ದಿ ಕಾರು ತಿಕ್ಕಲು ಕೂತೆ. ಹಿತ್ತಾಳೆ ಪಾತ್ರೆ ಬೆಳಗಿದ ಕೈ, ಕೆಲಸ ಹಿಡಿಸಿತು. ಭಾವನವರಿಗೆ ಹಿಡಿಸಲಿಲ್ಲ. ಅವತ್ತಿನಿಂದ ಷೆಡ್ಡಿನಲ್ಲಿ ಯಾವ ಬಣ್ಣ ಕೆಟ್ಟರೂ ನಾನೇ ಕಾರಣ. ಬಣ್ಣವೋ, ಕೆಡುತ್ತಲೇ ಇತ್ತು.

ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ನಮ್ಮ ಮನೆತನದಲ್ಲಿ ಸೊಸೆಯಾದವಳು ಭಾವನ ಜೊತೆ ನೇರವಾಗಿ ಮಾತಾಡುವಂತಿರಲಿಲ್ಲ, ಅವರೂ ನನ್ನ ಜೊತೆ ಮಾತಾಡುವಂತಿರಲಿಲ್ಲ. ಹಾಗಾಗಿ ಅವರು ಷೆಡ್ಡಿನ ಕಂಬದ ಜೊತೆ ಮಾತಾಡುತ್ತಿದ್ದರು, ನಾನು ಕಾರಿನ ಜೊತೆ.

ಬೂಷ್ಟು

ಒಬ್ಬ ಡಾಕ್ಟರರ ಕಪ್ಪು ಕಾರು. ಜುಲೈ ತಿಂಗಳು, ಹೊರಗೆ ಜಡಿಮಳೆ. ಬೇಡವೆಂದು ನಮ್ಮವರು ಹೇಳಿದರೂ ಕೇಳದೆ ಭಾವನವರು ಬಣ್ಣ ಹೊಡೆದರು. ನೋಡನೋಡುತ್ತ ಕಾರು ವಿಭೂತಿ ಬಳಿದುಕೊಂಡ ಸ್ವಾಮಿಯ ಹಾಗಾಯಿತು. ಬಣ್ಣ ಒಣಗುವಾಗ ತಣ್ಣಗಾಗಿ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ, ಅಷ್ಟೇ ವಿಷಯ.

ಭಾವನವರು ಕಂಬಕ್ಕೆ ಹೇಳಿದರು, "ಹೆಂಗಸು ಕಾಲಿಟ್ಟ ಜಾಗಾ ಹಿಂಗ ಆಗತದ. ನಾಳಿಂದ ಮನ್ಯಾಗ ಇರು ಅಂತ ಹೇಳು."

ನಾನು ಸೆರಗು ಎಳೆದುಕೊಂಡು ಕಾರಿಗೆ ಹೇಳಿದೆ, "ಹಂಗಾರ ಮಳೀಗೂ ಮನ್ಯಾಗ ಇರು ಅಂತ ಹೇಳಲಿಕ್ಕೆ ಹೇಳವಾ."

ಬಿಸಿಲು ಬಿದ್ದ ಮಧ್ಯಾಹ್ನ ನಮ್ಮವರು ನಿಧಾನವಾಗಿ ಆರುವ ತಿನ್ನರನ್ನು ತೆಳ್ಳಗೆ ಊದಿದರು. ಬೂಷ್ಟು ಕರಗಿ ಕಾರು ಕಪ್ಪಗೆ ಮಿಂಚಿತು. ಭಾವನವರ ಮುಖ ಮಾತ್ರ ಅವತ್ತಿಡೀ ಬೆಳ್ಳಗೇ ಇತ್ತು.

ಅಳುವ ಬಾಗಿಲು

ಬಣ್ಣ ಜಾಸ್ತಿ ಬಿದ್ದಷ್ಟೂ ಗಿರಾಕಿಗೆ ಖುಷಿಯೆಂದು ಭಾವನವರ ನಂಬಿಕೆ. ಒಂದು ನೀಲಿ ಕಾರಿನ ಬಾಗಿಲಿಗೆ ಒಂದೇ ಕಡೆ ಬಣ್ಣ ಊದುವ ಗನ್ ಹಿಡಿದು ನಿಂತರು. ಬಣ್ಣ ದಪ್ಪವಾಗಿ ಇಳಿದು ಬಾಗಿಲ ತುಂಬ ಹನಿಗಳು ನಿಂತವು. ನಾನು ತವರನ್ನು ನೆನೆದು ಕಾರಿನ ಪಕ್ಕ ಕೂತು ಅಳುತ್ತೇನಂತೆ, ಅದಕ್ಕೇ ಹೀಗೆ ಎಂದು ಕಂಬಕ್ಕೆ ವರದಿ ಹೋಯಿತು. ನಾನು ಮದುವೆಯಲ್ಲೇ ಅತ್ತವಳಲ್ಲ.

ಇಂಥದ್ದಕ್ಕೆ ಅವಸರ ಮಾಡಬಾರದು. ಹನಿ ಪೂರ್ತಿ ಗಟ್ಟಿಯಾಗಲು ಬಿಟ್ಟು, ಮರದ ತುಂಡಿಗೆ ಕಾಗದ ಸುತ್ತಿ ನೀರು ಹಾಕುತ್ತ ಸಮವಾಗಿ ತಿಕ್ಕಿ, ಮೇಲೆ ತೆಳ್ಳಗೆ ಹೊಡೆಯಬೇಕು. ಭಾವನವರು ಹೋದದ್ದು ನೋಡಿ ತಿಕ್ಕಲು ಕೂತೆ. "ಅಳಬ್ಯಾಡವಾ," ಎಂದು ಬಾಗಿಲು ಒರೆಸುತ್ತ ಸಮಾಧಾನ ಹೇಳಿದೆ, "ಬಣ್ಣಾ ಹೊಡದವರು ಊಟಕ್ಕ ಹೋಗ್ಯಾರ."

ಹೋಗಿರಲಿಲ್ಲ. ಕಂಬದ ಹಿಂದೆಯೇ ಇದ್ದರು.

ಸಂಡಿಗೆ

ಒಮ್ಮೆ ಹೊಸ ಬಣ್ಣದ ಕಾರನ್ನು ಹೊರಗೆ ಬಿಸಿಲಿಗೆ ನಿಲ್ಲಿಸಿದ್ದೆವು. ಸಂಜೆ ನೋಡಿದರೆ ಬಾನೆಟ್ಟಿನ ಮೇಲೆ ಒಂದು ಬಟ್ಟೆ, ಅದರ ಮೇಲೆ ಸಾಲಾಗಿ ಸಂಡಿಗೆ. ಬಟ್ಟೆ ಎತ್ತಿದರೆ ಹಸಿ ಬಣ್ಣದಲ್ಲಿ ದುಂಡು ದುಂಡು ಅಚ್ಚು. ಇದು ಅಕಿದೇ ಕೆಲಸ, ಇನ್ನೊಂದು ಸಲ ಬಣ್ಣ ಕೆಟ್ಟರೆ ಷೆಡ್ಡಿಗೆ ಕಾಲಿಡುವಂತಿಲ್ಲ ಎಂದು ಭಾವನವರು ಕಂಬದ ಮುಂದೆ ತೀರ್ಪು ಕೊಟ್ಟರು. ಕೊಡುತ್ತಲೇ ಒಂದು ಸಂಡಿಗೆ ಬಾಯಿಗೆ ಹಾಕಿಕೊಂಡರು. ಅಗಿಯುವುದು ನಿಂತಿತು. ಜೀರಿಗೆ ಜೊತೆ ಓಂಕಾಳು ಹಾಕುವವರು ಷೆಡ್ಡಿನ ಪಕ್ಕದ ನಮ್ಮ ಚಾಳಿನಲ್ಲಿ ಒಬ್ಬರೇ. ಅವರ ಹೆಂಡತಿ.

ನುಂಗಿಕೊಂಡು ಹೇಳಿದರು, "ದೂರದಿಂದ ನೋಡಿದ್ರ ಅಷ್ಟೇನ ಕಾಣಂಗಿಲ್ಲ."

ತೀರ್ಪನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮೀನಿನ ಕಣ್ಣು

ಆಮೇಲೆ ಬಂತು ಮಾಟುಂಗಾದ ಉಡುಪಿ ಹೋಟೆಲ್ ಯಜಮಾನರ ಕಾರು. ಮಗಳ ಮದುವೆಗೆ ಬೇಕು, ಕೆನೆ ಬಣ್ಣ. ಅಷ್ಟು ಹೊತ್ತಿಗೆ ನನಗೆ ಗನ್ ಹಿಡಿಯುವುದೂ ಬಂದಿತ್ತು, ನಮ್ಮವರು ಕಲಿಸಿದ್ದರು. ಷೆಡ್ಡು ಬಿಟ್ಟು ಚಾಳಿನ ಎರಡು ಕೋಣೆಯಲ್ಲಿ ದಿನ ಕಳೆಯುವುದು ನನ್ನಿಂದ ಸಾಧ್ಯವೇ ಇರಲಿಲ್ಲ.

ಬಣ್ಣ ಹೊಡೆಯುವ ಮೊದಲು ಭಾವನವರು ಕಾರಿಗೆ ಪೂಜೆ ಮಾಡುತ್ತಿದ್ದರು. ಈ ಸಲ ಮದುವೆ ಕಾರೆಂದು ಜೋರಾಗಿ ಮಾಡಿದರು. ದೀಪದ ಎಣ್ಣೆಯಲ್ಲಿ ಕುಂಕುಮ ಕಲಸಿ ಬಾನೆಟ್ಟಿಗೆ ತಿಲಕವಿಟ್ಟು, ಕೈ ಒರೆಸಿಕೊಂಡು, ಆಮೇಲೆ ತಿಲಕವನ್ನೂ ಒರೆಸಿ ಬಣ್ಣ ಹೊಡೆದರು. ಹೊಡೆದ ಕ್ಷಣವೇ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಬಾನೆಟ್ಟಿನ ತುಂಬ ಸಣ್ಣ ಸಣ್ಣ ಕುಳಿ ಬಿದ್ದವು. ಈ ಕುಳಿಗೆ ನಮ್ಮವರು ಮೀನಿನ ಕಣ್ಣು ಎನ್ನುತ್ತಿದ್ದರು.

"ನೋಡು, ದೃಷ್ಟಿ," ಎಂದರು ಭಾವನವರು ಕಂಬಕ್ಕೆ. "ಅಕೀದು. ಇವತ್ತಿಗೆ ಮುಗೀತು."

ನಾನು ಜಗಳಾಡಲಿಲ್ಲ. ಸ್ಟೂಲು ತೆಗೆದುಕೊಂಡು ಹೋಗಿ ಗೇಟಿನ ಹೊರಗೆ, ರಸ್ತೆಯಲ್ಲಿ ಹೋಗುವ ಎಲ್ಲರಿಗೂ ಕಾಣುವಂತೆ ಕೂತೆ. ನಾನಿಲ್ಲದೆ ಹೊಡೆಯಲಿ, ನೋಡೋಣ. ನಮ್ಮವರು ಕೆಟ್ಟ ಬಣ್ಣವನ್ನೆಲ್ಲ ತೆಗೆದುಕೊಟ್ಟರು. ಭಾವನವರು ದೀಪ ಇನ್ನೂ ದೊಡ್ಡದು ಮಾಡಿ, ಎಣ್ಣೆ ಇನ್ನೂ ಹೆಚ್ಚು ಸುರಿದು, ಬಾನೆಟ್ಟಿಗಷ್ಟೇ ಅಲ್ಲ, ನಾಲ್ಕು ಬಾಗಿಲಿಗೂ ತಿಲಕವಿಟ್ಟು ಒರೆಸಿ ಮತ್ತೆ ಹೊಡೆದರು. ಮೊದಲು ಬಾನೆಟ್ಟಿಗಿದ್ದ ಕಣ್ಣು ಈಗ ನಾಲ್ಕು ಬಾಗಿಲಿಗೂ ಬಂತು.

ಅದೇ ಹೊತ್ತಿಗೆ ಹೋಟೆಲ್ ಯಜಮಾನರು ಬಂದರು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನಿಂತರು.

"ಎಂತ ಮಾರಾಯ್ರೆ, ಕಾರು ಕೊಟ್ರೆ ನೀರುದೋಸೆ ಹೊಯ್ದು ಇಟ್ಟಿದ್ದೀರಲ್ಲ? ಕಾವಲಿಗೆ ಎಣ್ಣೆ ಸವರಿದ್ದು ಯಾರು?"

ಎಲ್ಲರೂ ಭಾವನವರ ಕೈ ನೋಡಿದರು. ಒಂದು ಕೈಯಲ್ಲಿ ಗನ್, ಇನ್ನೊಂದರಲ್ಲಿ ಎಣ್ಣೆ ತೊಟ್ಟಿಕ್ಕುವ ಬಟ್ಟೆ. ಕೈ ಒರೆಸಿಕೊಂಡದ್ದೂ ಅದರಲ್ಲೇ, ಕಾರು ಒರೆಸಿದ್ದೂ ಅದರಲ್ಲೇ. ಎಣ್ಣೆ ಇದ್ದಲ್ಲಿ ಬಣ್ಣ ನಿಲ್ಲುವುದಿಲ್ಲ.

ಭಾವನವರು ಬಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಆಮೇಲೆ ಕಂಬದ ಕಡೆ ತಿರುಗಿ ಹೇಳಿದರು, "ಹೊರಗ ಕೂತು ನೋಡಿದ್ದಕ್ಕ ಹಿಂಗ ಆಗೇದ. ದೂರದ ದೃಷ್ಟಿ ಭಾಳ ಕೆಟ್ಟದ್ದು. ಅಕೀನ್ನ ಒಳಗ ಕರ್ಕೋ."

ನಾನು ಒಳಗೆ ಹೋದೆ. ಕಾರಿನ ಮುಂದೆ ನಿಂತು, "ನಾ ಒಳಗ ಬಂದ್ರ ದೀಪಾ ಹೊರಗ ಹೋಗಬೇಕು," ಎಂದೆ. ದೀಪ ನನ್ನ ಸ್ಟೂಲಿನ ಮೇಲೆ ಹೋಗಿ ಕೂತಿತು. ಕೆಟ್ಟ ಬಣ್ಣವನ್ನು ಮತ್ತೆ ತೆಗೆದು, ಕಾರನ್ನು ಸೋಪಿನ ನೀರಿನಲ್ಲಿ ತೊಳೆದು, ಹೊಸ ಬಟ್ಟೆಗೆ ಪೆಟ್ರೋಲು ಹಾಕಿ ಒರೆಸಿ, ಗನ್ ನಾನೇ ಹಿಡಿದೆ. ಮದುಮಗಳು ಆ ಕಾರಿನ ಕನ್ನಡಿಯಲ್ಲಲ್ಲ, ಬಾಗಿಲಲ್ಲಿ ಮುಖ ನೋಡಿಕೊಂಡು ಕುಂಕುಮ ಸರಿಮಾಡಿಕೊಂಡಳು.

ಇದನ್ನೆಲ್ಲ ಬರೆದುಕೊಳ್ಳಲು ಪವಾಯಿಯಿಂದ ಬಂದ ಮೊಮ್ಮಗಳು ಕೇಳುತ್ತಾಳೆ, "ಅಜ್ಜಿ, ಮತ್ತೆ ಲಾಸ್ಟಿಗೆ ಅವರು ನಿಮಗೆ ಪರ್ಮಿಷನ್ ಕೊಟ್ರಲ್ಲ?"

ಪೆನ್ನು ತಗೊಳ್ಳೇ. ಕೊಟ್ಟರು ಅಂತ ಬರೀಬ್ಯಾಡ. ಒಳಗ ಹೋದಳು ಅಂತ ಬರಿ.