ವಾಪಸ್ ಕೊಟ್ಟ ತಾರೀಕು

ನೀತಿ ಹೇಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರಿಗೆ ನೀತಿ ಒಗ್ಗುವುದಿಲ್ಲ, ಮಿಠಾಯಿ ಅಂಗಡಿಯವನಿಗೆ ಸಿಹಿ ಸೇರದ ಹಾಗೆ. ಗೌರಿಬಿದನೂರಿನ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು. ಜೊತೆಗೆ, ಲೈಬ್ರರಿ ಎಂದು ಕರೆಸಿಕೊಳ್ಳುವ ಒಂದು ಬೀರುವಿನ ಒಡೆಯ. ಅದರೊಳಗಿನ ಮಹಾಕಾವ್ಯಗಳನ್ನು ಗೆದ್ದಲು ಕೂಡ ಅರ್ಧಕ್ಕೇ ಬಿಟ್ಟಿದೆ. ಮಕ್ಕಳು ಮುಗಿಬೀಳುವುದು ಮಾಯಾಲೋಕದ ಒಂದೇ ಒಂದು ಕಾದಂಬರಿಗೆ. ಅದರ ನಾಯಕಿ ಕಳ್ಳಿ. ನಿನ್ನ ಕೇರಿಯವರೆಲ್ಲ ಕಳ್ಳರು ಎಂದು ನಗರದವರು ಅಂದದ್ದಕ್ಕೆ, ಸೇಡಿಗಾಗಿ ರಾಜನ ಕಿರೀಟವನ್ನೇ ಹಾರಿಸುತ್ತಾಳೆ. ಇಂಥದ್ದನ್ನು ಓದಿದರೆ ಮಕ್ಕಳ ಗತಿಯೇನು ಎಂದು ಪರೀಕ್ಷಿಸಲು ಮನೆಗೊಯ್ದೆ. ರಿಜಿಸ್ಟರಿನಲ್ಲಿ ಬರೆಯಲಿಲ್ಲ, ಮೇಷ್ಟ್ರುಗಳು ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಹೆಂಡತಿ ನಕ್ಕಾಳೆಂದು ನ್ಯೂಸ್‌ಪೇಪರಿನ ಬೈಂಡು ಹಾಕಿದೆ. ಮೂರು ದಿನ ಊಟ ತಿಂಡಿ ಮರೆತು ಓದಿ, ಆಮೇಲೆ ಉತ್ತರಪತ್ರಿಕೆಗಳ ರಾಶಿಯಡಿ ಪುಸ್ತಕವನ್ನೇ ಮರೆತುಬಿಟ್ಟೆ.

ತಪಾಸಣೆಯ ದಿನ ಲೆಕ್ಕಕ್ಕೆ ಆ ಪುಸ್ತಕವಿಲ್ಲ. ರಿಜಿಸ್ಟರಿನಲ್ಲಿ ಅದರ ಎದುರು, ನನ್ನ ಸೋಮಾರಿತನದಿಂದ 'ವಾಪಸ್' ಬೀಳದ ಹೆಸರು ನಾಲ್ಕಿದ್ದವು. ನಾನು ನೆಟ್ಟಗೆ ಹೋಗಿ ಬ್ಯಾಗು ಸುರಿಸಿದ್ದು, ಅಲೀಪುರದಿಂದ ಬಸ್ಸಿನಲ್ಲಿ ಬರುವ ನಸೀಮಾಳದ್ದು. ಏಕೆ? ಉಳಿದ ಮೂವರು ನಮ್ಮ ಬೀದಿಯವರು, ನಮ್ಮ ಪೈಕಿ. ಇದಕ್ಕಿಂತ ಮರ್ಯಾದಸ್ಥ ಕಾರಣ ಹುಡುಕಿ ಸೋತಿದ್ದೇನೆ.

"ದಸರಾ ರಜಕ್ಕೆ ಮುಂಚೇನೇ ಕೊಟ್ಬಿಟ್ಟೆ ಸಾರ್. 'ಅಲ್ಲಿಡಮ್ಮ, ಆಮೇಲೆ ಬರ್ಕೋತೀನಿ' ಅಂದ್ರಲ್ಲ ನೀವೇ," ಎಂದಳು. ಇಡೀ ಹತ್ತನೇ ತರಗತಿ ನೋಡುತ್ತಿತ್ತು.

ಆ ಸಂಜೆ ಹೆಂಡತಿ, "ಏನ್ರೀ ಇದು, ಬೈಂಡ್ ಹಾಕ್ಕೊಂಡು ಮಾಯಾಮಂತ್ರ ಓದ್ತೀರಾ?" ಎಂದು ಪುಸ್ತಕ ಹಿಡಿದು ಬಂದಳು. ನಿಜ ಹೇಳುವುದು ಎರಡು ನಿಮಿಷದ ಕೆಲಸ. ನಾನು ಬೆಳಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ, ಬೈಂಡು ಕಿತ್ತು, ಪುಸ್ತಕವನ್ನು ಬೀರುವಿನೊಳಗೆ ತುರುಕಿದೆ.

"ನೋಡಿದ್ರಾ ಮೇಷ್ಟ್ರೇ, ನೀವು ಗದರಿದ್ದಕ್ಕೆ ಹುಡುಗಿ ತಂದಿಟ್ಟಿದ್ದಾಳೆ!" ಎಂದು ಹೆಡ್‌ಮಾಸ್ಟರು ಬೆನ್ನು ತಟ್ಟಿದರು. "ಹೂಂ ಸಾರ್" ಎಂದೆ.

ಅವರು ನಸೀಮಾಳನ್ನು ಕರೆಸಿದರು. ಅವಳು ಪುಸ್ತಕ ತಿರುವಿದಳು. ಒಂದು ಪುಟದಲ್ಲಿ ಅವಳ ಬೆರಳು ನಿಂತಿತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಅನೀತಿ' ಎಂದಿತ್ತು, ಅವಳು ಓದುವಾಗ ಇಲ್ಲದ್ದು. ಮೂರು ವರ್ಷದಿಂದ ಅವಳ ನೋಟ್ಸು ತಿದ್ದುತ್ತಿರುವ ಕೈ ಅದು; ಅವಳಿಗೆ ಗೊತ್ತಾಯಿತು. ಕಾದಂಬರಿಯ ನ್ಯಾಯದಂತೆ ಈಗ ಸೇಡು ಬರಬೇಕು. ಬಂದೇಬಿಡಲಿ ಎಂದು ಆಸೆಯಿಂದ ಕಾದೆ. ಅವಳು ಪುಸ್ತಕ ಮುಚ್ಚಿ ರಿಜಿಸ್ಟರನ್ನು ನನ್ನತ್ತ ತಳ್ಳಿದಳು.

"ವಾಪಸ್ ಅಂತ ಬರ್ಕೊಳ್ಳಿ ಸಾರ್. ಯಾವ ತಾರೀಕು ಹಾಕ್ತೀರಾ?"

ಅವಳು ಕೊಟ್ಟದ್ದು ದಸರಾ ರಜೆಯ ಹಿಂದಿನ ದಿನ. ನನಗೆ ಚೆನ್ನಾಗಿ ನೆನಪಿತ್ತು. ಆ ತಾರೀಕು ಹಾಕಿದರೆ ಕಳ್ಳ ನಾನು, ಇವತ್ತಿನದು ಹಾಕಿದರೆ ಅವಳು. ಹೆಡ್‌ಮಾಸ್ಟರು ಪಕ್ಕದಲ್ಲೇ ನಿಂತಿದ್ದರು.

ಇವತ್ತಿನದನ್ನೇ ಹಾಕಿದೆ. ಅಂಕಿಗಳು ಎಂದಿನಂತೆ ದುಂಡಗೇ ಬಂದವು.