ಮಸಾಯ್ ಮಾರಾಕ್ಕೆ ಹದಿನಾಲ್ಕು ಮುದ್ರೆ

ಕಾತ್ಯಾಯಿನಿ: ಅಂದ್ರೆ ಡೇರೆ ಗೋಡೆ ಬಟ್ಟೇದು.

ಉಮಾಶಂಕರ್: ಬಟ್ಟೆ ಅಲ್ಲ ಕಣೆ, ಕ್ಯಾನ್ವಾಸು. ದಪ್ಪ ಇರುತ್ತೆ.

ಕಾತ್ಯಾಯಿನಿ: ದಪ್ಪ ಅಂತ ಸಿಂಹಕ್ಕೆ ಗೊತ್ತಾ?

ಎರಡು ಸಾವಿರದ ಇಸವಿ, ಜೂನ್ ತಿಂಗಳ ಒಂದು ಭಾನುವಾರ. ಟೋಕಿಯೋದ ಕೋಟೋ ವಾರ್ಡಿನಲ್ಲಿ, ಹದಿನೇಳನೇ ಮಹಡಿಯ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಕೀನ್ಯಾದ ಮಸಾಯ್ ಮಾರಾ ಅಭಯಾರಣ್ಯದ ಬ್ರೋಷರ್ ಹರಡಿಕೊಂಡಿತ್ತು. ಹೊಸ ವರ್ಷದ ರಾತ್ರಿ ಲೋಕದ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆಂದು ಉಮಾಶಂಕರ್ ಆಫೀಸಿನಲ್ಲಿ ಕಾವಲು ಕೂತಿದ್ದ. ಒಂದೂ ಕೈಕೊಡಲಿಲ್ಲ. ಆ ಕಾವಲಿಗೆ ಬದಲಾಗಿ ಆಗಸ್ಟಿನಲ್ಲಿ ಎಂಟು ದಿನ ರಜೆ ಕೇಳಿದ್ದ. ವಿಮಾನದ ಟಿಕೆಟ್ ಆಗಿತ್ತು. ಡೇರೆಯ ಬುಕಿಂಗ್ ಗಟ್ಟಿಮಾಡಲು ನಾಳೆಯೇ ಕಡೇ ದಿನ. ಈಗ ಹೆಂಡತಿಯ ಬಾಯಿಂದ ಒಂದು 'ಹೂಂ' ಬೀಳಬೇಕಿತ್ತು, ಅಷ್ಟೆ.

ಉಮಾಶಂಕರ್: ಒಳಗೆ ಮಂಚ, ಸೊಳ್ಳೆಪರದೆ, ಬಿಸಿನೀರು ಎಲ್ಲಾ ಇದೆ.

ಕಾತ್ಯಾಯಿನಿ: 'ಕತ್ತಲಾದ ಮೇಲೆ ಕಾವಲುಗಾರನಿಲ್ಲದೆ ಹೊರಗೆ ಬರಬೇಡಿ' ಅಂತಾನೂ ಇದೆ.

ಉಮಾಶಂಕರ್: ಅದು ಮರ್ಯಾದೆ ಕಣೆ. ಊಟಕ್ಕೆ ಕರ್ಕೊಂಡು ಹೋಗೋಕೆ ಈಟಿ ಹಿಡಿದು ಒಬ್ಬ ಬರ್ತಾನೆ.

ಕಾತ್ಯಾಯಿನಿ: ಊಟಕ್ಕೆ ಹೋಗೋಕೆ ಈಟಿ ಬೇಕು ಅಂದ್ರೆ, ಯಾರು ಯಾರ ಊಟ ಅಂತ ಇನ್ನೂ ತೀರ್ಮಾನ ಆಗಿಲ್ಲ ಅಂತ ಅರ್ಥ. ಇಬ್ಬರೇ ಹೋದ್ರೆ ಸಿಂಹಕ್ಕೆ ಆರಿಸಿಕೊಳ್ಳೋಕೆ ಇಬ್ಬರೇ. ನೀವೋ, ಕಡ್ಡಿ.

ಉಮಾಶಂಕರ್: ಆಗಸ್ಟಲ್ಲಿ ಸಿಂಹಕ್ಕೆ ನಮ್ಮನ್ನ ನೋಡೋಕೆ ಪುರಸೊತ್ತೇ ಇರಲ್ಲ. ವಿಲ್ಡಬೀಸ್ಟ್ ಅಂತ, ದನದ ಹಾಗಿರ್ತವೆ, ಲಕ್ಷಗಟ್ಟಲೆ ನದಿ ದಾಟೋ ಕಾಲ. ಗಂಟೆಗಟ್ಟಲೆ ದಡದಲ್ಲಿ ಸುಮ್ನೆ ನಿಂತಿರ್ತವೆ. ಒಂದು ಹಾರಿತೋ, ಮುಗೀತು. ಎಲ್ಲಾ ಹಾರ್ತವೆ.

ಕಾತ್ಯಾಯಿನಿ: ಯಾಕೆ?

ಉಮಾಶಂಕರ್: ಮುಂದಿನದು ಹಾರಿತಲ್ಲ, ಅದಕ್ಕೆ.

ಕಾತ್ಯಾಯಿನಿ: ಮೈಸೂರಲ್ಲಿ ನಿಮ್ಮನೆಯಿಂದ ಜೂಗೆ ನಡೆದು ಹೋಗಬಹುದಿತ್ತು. ಸಿಂಹ ಅಲ್ಲೂ ಇತ್ತು.

ಉಮಾಶಂಕರ್: ಅಲ್ಲಿ ಸಿಂಹ ಒಳಗೆ, ನಾವು ಹೊರಗೆ.

ಕಾತ್ಯಾಯಿನಿ: ಅದೇ ರೀ ಸರಿಯಾದ ವ್ಯವಸ್ಥೆ!

ಉಮಾಶಂಕರನ ಬತ್ತಳಿಕೆಯಲ್ಲಿ ಒಂದೇ ಬಾಣ ಉಳಿದಿತ್ತು. ಬ್ರೋಷರನ್ನು ನಿಧಾನವಾಗಿ ಮಡಿಸಿದ.

ಉಮಾಶಂಕರ್: ಅಲ್ಲಿ ಫೋನ್ ಸಿಗಲ್ಲ.

ಕಾತ್ಯಾಯಿನಿ: ಯಾರದ್ದೂ?

ಉಮಾಶಂಕರ್: ಯಾರದ್ದೂ. ಎಂಟು ದಿನ ಮೋರಿತಾ-ಸಾನ್ ತಲೆಕೆಳಗಾಗಿ ನಿಂತ್ರೂ ನಾನು ಸಿಗಲ್ಲ.

ಮೋರಿತಾ-ಸಾನ್, ಅಂದರೆ ಮೋರಿತಾ ಅವರು, ಅವನ ಮ್ಯಾನೇಜರ್. ಹೋದ ಗಣೇಶನ ಹಬ್ಬದಲ್ಲಿ ಅವರ ಫೋನ್ ಬಂದಾಗ ಉಮಾಶಂಕರ್ ಒಂದು ಕೈಲಿ ಮಂಗಳಾರತಿ ತಟ್ಟೆ ಹಿಡಿದುಕೊಂಡೇ, ಗಣೇಶನಿಗೆ ಬೆನ್ನು ಮಾಡಿ, ರಿಸೀವರಿಗೆ ಬಗ್ಗಿ ಬಗ್ಗಿ ನಮಸ್ಕರಿಸಿದ್ದ. ಕಾತ್ಯಾಯಿನಿ ಅದನ್ನು ಮರೆತಿರಲಿಲ್ಲ.

ಕಾತ್ಯಾಯಿನಿ: ಹೂಂ.

ಉಮಾಶಂಕರ್: ಏನಂದೆ?

ಕಾತ್ಯಾಯಿನಿ: ಹೂಂ ಅಂದೆ. ಬಟ್ಟೆ ಗೋಡೆನೇ ಆಗ್ಲಿ. ಆದ್ರೆ ರಜೆ ನಿಜವಾಗ್ಲೂ ಸಿಕ್ಕಿದೆಯಾ? ಕಾಗದ ತೋರಿಸಿ.

ಅವನು ಕುಣಿಯುತ್ತ ಹೋಗಿ ಬ್ಯಾಗಿನಿಂದ ತಂದ. ಆ ಆಫೀಸಿನಲ್ಲಿ ಯಾವ ಕಾಗದವಾದರೂ ಮೇಜಿನಿಂದ ಮೇಜಿಗೆ ಸಾಗುತ್ತದೆ, ಪ್ರತಿಯೊಬ್ಬರೂ ತಮ್ಮ ಹೆಸರಿನ ಕೆಂಪು ಮುದ್ರೆ ಒತ್ತುತ್ತಾರೆ. ಎಲ್ಲಿಗೆ ಹೋಗುತ್ತಾನೆಂದು ತಿಳಿದಿರಲಿ ಎಂದು ಅವನು ರಜೆ ಅರ್ಜಿಗೆ ಅದೇ ಬ್ರೋಷರಿನ ಇನ್ನೊಂದು ಪ್ರತಿಯನ್ನೂ ಪಿನ್ ಮಾಡಿದ್ದ.

ಉಮಾಶಂಕರ್: ನೋಡು, ಹದಿನಾಲ್ಕು ಮುದ್ರೆ! ಇಡೀ ವಿಭಾಗದ ಒಪ್ಪಿಗೆ.

ಕಾತ್ಯಾಯಿನಿ: ಮೇಲೆ ಕೈಯಲ್ಲಿ ಬರೆದಿರೋದೇನು?

ಉಮಾಶಂಕರ್: ಶುಭ ಪ್ರಯಾಣ ಅಂತ ಇರಬೇಕು. ಮೋರಿತಾ-ಸಾನ್ ಬರೆದದ್ದು.

ಅವನಿಗೆ ಜಪಾನಿ ಮಾತು ಬರುತ್ತಿತ್ತು, ಲಿಪಿ ಬರುತ್ತಿರಲಿಲ್ಲ. ಕಾತ್ಯಾಯಿನಿ ವಾರಕ್ಕೆರಡು ದಿನ ವಾರ್ಡ್ ಆಫೀಸಿನ ಜಪಾನಿ ತರಗತಿಗೆ ಹೋಗುತ್ತಿದ್ದಳು. ಬೆರಳಿಟ್ಟು ಓದಿದಳು.

ಕಾತ್ಯಾಯಿನಿ: 'ಈ ವರ್ಷದ ವಿಭಾಗದ ಪ್ರವಾಸಕ್ಕೆ ಉಮಾಶಂಕರ್-ಸಾನ್ ಸೂಚಿಸಿರುವ ಜಾಗ ಬಹಳ ಸೊಗಸಾಗಿದೆ. ಹೊರಡುವವರು ಮುದ್ರೆ ಒತ್ತಿ.'

ಉಮಾಶಂಕರ್: ಇನ್ನೊಂದ್ಸಲ ಓದು.

ಕಾತ್ಯಾಯಿನಿ: ಎಷ್ಟು ಸಲ ಓದಿದ್ರೂ ಹದಿನಾಲ್ಕೇ. ಮೊದಲನೇ ಮುದ್ರೆ ಮೋರಿತಾ-ಸಾನ್‌ದು. ಮುಂದಿನದು ಹಾರಿತಲ್ಲ ರೀ, ಎಲ್ಲಾ ಹಾರಿದಾವೆ.

ಫೋನ್ ಹೊಡೆದುಕೊಂಡಿತು. ಉಮಾಶಂಕರ್ ಎತ್ತಿಕೊಂಡವನೇ ನೆಟ್ಟಗೆ ನಿಂತ. ಆಮೇಲೆ ಬಗ್ಗಿದ. ಪ್ರತಿ ಮಾತಿಗೂ 'ಹಾಯ್' ಎಂದ. ಜಪಾನಿಯಲ್ಲಿ ಹಾಗೆಂದರೆ 'ಆಗಲಿ'. ಏಳೆಂಟು 'ಆಗಲಿ' ಆದ ಮೇಲೆ ಫೋನ್ ಇಟ್ಟು ಅಲ್ಲೇ ಕೂತ.

ಉಮಾಶಂಕರ್: ಎಲ್ಲರೂ ಹೊರಟ್ರೆ ಆಫೀಸಲ್ಲಿ ಒಬ್ಬರಾದ್ರೂ ಇರಬೇಕಂತೆ.

ಕಾತ್ಯಾಯಿನಿ: ನ್ಯಾಯನೇ. ಯಾರಂತೆ?

ಉಮಾಶಂಕರ್: ಹೊಸ ವರ್ಷದ ರಾತ್ರಿ ನಾನು ಕಾವಲು ಕೂತ ರೀತಿ ಅವರಿಗೆ ತುಂಬಾ ಹಿಡಿಸಿತ್ತಂತೆ.

ಬೈಗುಳಕ್ಕೆ ಸಿದ್ಧನಾಗಿ ಅವನು ತಲೆ ತಗ್ಗಿಸಿದ. ಬೈಗುಳ ಬರಲಿಲ್ಲ. ಒಳಗಿನ ಕೋಣೆಯಲ್ಲಿ ಬೀರುವಿನ ಮೇಲಿಂದ ಸೂಟ್‌ಕೇಸ್ ಇಳಿಸುವ ಸದ್ದು ಕೇಳಿತು.

ಉಮಾಶಂಕರ್: ಏನ್ ಮಾಡ್ತಿದೀಯೆ?

ಕಾತ್ಯಾಯಿನಿ: ನನ್ನ ಟಿಕೆಟ್ ನನ್ನ ಹೆಸರಲ್ಲೇ ಇದೆಯಲ್ಲ. ನಾನೂ ಸೇರಿ ಹದಿನೈದು ಜನ ಅಂದ್ಮೇಲೆ ನನಗೆ ಭಯ ಇಲ್ಲ. ಮೋರಿತಾ-ಸಾನ್ ನನಗಿಂತ ಮೈತುಂಬಿಕೊಂಡಿದಾರೆ, ಸಿಂಹ ಮೊದಲು ಅಲ್ಲಿಗೇ ಹೋಗುತ್ತೆ.

ಉಮಾಶಂಕರ್: ಮತ್ತೆ ನಾನು?

ಕಾತ್ಯಾಯಿನಿ: ಹುಳಿ ಮಾಡಿ ಫ್ರಿಜ್ಜಲ್ಲಿಟ್ಟಿರ್ತೀನಿ. ಅನ್ನ ಕೊಂಬಿನಿಯಲ್ಲಿ ತಗೊಳ್ಳಿ, ಕೆಳಗೇ ಇದೆಯಲ್ಲ ಅಂಗಡಿ.

ಉಮಾಶಂಕರ್: ದಿನಕ್ಕೊಂದು ಸಲ ಫೋನಾದ್ರೂ ಮಾಡ್ತೀಯಾ?

ಕಾತ್ಯಾಯಿನಿ: ಅಲ್ಲಿ ಫೋನ್ ಸಿಗಲ್ಲ ರೀ.